ದೊಡ್ಡ ನಗರವೋ, ಅಕ್ಕ ಇರುವ ಊರೋ?

ಪ್ರಶ್ನೆ: ನನಗೆ ಒಂದೇ ತಿಂಗಳಲ್ಲಿ ಎರಡು ಕಡೆಯಿಂದ ಕೆಲಸದ ಆಫರ್ ಬಂದಿದೆ. ಒಂದು ದೊಡ್ಡ ನಗರ. ಸಂಬಳ ಇನ್ನೊಂದಕ್ಕಿಂತ ಶೇಕಡಾ 30ರಷ್ಟು ಜಾಸ್ತಿ. ಹೆಸರಾದ ಶಾಲೆಗಳಿವೆ, ಮುಂದೆ ಬೆಳೆಯಲು ಅವಕಾಶವೂ ಇದೆ. ಇನ್ನೊಂದು ಚಿಕ್ಕ ನಗರ. ಅಲ್ಲಿ ನನ್ನ ಪತ್ನಿಯ ಅಕ್ಕ ಇದ್ದಾರೆ, ಜೀವನ ಆರಾಮ ಅಂತಾರೆ. ಮಗಳಿಗೆ ನಾಲ್ಕೂವರೆ ವರ್ಷ, ಮಗನಿಗೆ ಹತ್ತು ತಿಂಗಳು. ಪತ್ನಿ ಸದ್ಯ ಕೆಲಸ ಬಿಟ್ಟಿದ್ದಾರೆ, ಮುಂದಿನ ವರ್ಷ ಮತ್ತೆ ಸೇರುವ ಯೋಚನೆ ಇದೆ. ಎಕ್ಸೆಲ್ ಶೀಟ್ ಮಾಡಿ 23 ವಿಷಯಗಳಿಗೆ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿದೆವು. ದೊಡ್ಡ ನಗರಕ್ಕೆ 161, ಚಿಕ್ಕದಕ್ಕೆ 158 ಬಂತು. ಶೀಟನ್ನೂ ಕಳಿಸಿದ್ದೇನೆ. ಎರಡು ತಿಂಗಳಲ್ಲಿ ಈಗಿನ ಮನೆ ಖಾಲಿ ಮಾಡಬೇಕು. ಯಾವ ಊರಿಗೆ ಹೋಗಲಿ?

ಉತ್ತರ: ನಿಮ್ಮ ಶೀಟ್ ನೋಡಿದೆ. 9ನೇ ಸಾಲಿನಲ್ಲಿ ‘ಮಾಲ್, ಥಿಯೇಟರ್’ ಅಂತಿದೆ. 10ನೇ ಸಾಲಿನಲ್ಲಿ ‘ಮಕ್ಕಳ ಡಾಕ್ಟರ್’. ಎರಡಕ್ಕೂ ಹತ್ತು ಅಂಕ. ಹತ್ತು ತಿಂಗಳ ಮಗುವಿಗೆ ರಾತ್ರಿ ಹನ್ನೊಂದಕ್ಕೆ ಜ್ವರ ಏರಿದಾಗ ಈ ಎರಡು ಸಾಲು ಸಮ ಅಂತ ನಿಮಗೇ ಅನಿಸುತ್ತದೆಯೇ? ತಪ್ಪು ತಿಳಿಯಬೇಡಿ. ನಾನೂ ಒಂದು ಕಾಲಕ್ಕೆ ಇಂಥದೇ ಪಟ್ಟಿ ಮಾಡಿದವಳು. ನನ್ನದರಲ್ಲಿ ‘ಈಜುಕೊಳ’ ಅಂತ ಒಂದು ಸಾಲು ಇತ್ತು. ಆ ಊರಿನಲ್ಲಿ ಮೂರು ವರ್ಷ ಇದ್ದೆವು, ಈಜುಕೊಳದ ಬಾಗಿಲು ಹೇಗಿದೆ ಅಂತ ನೋಡಲಿಲ್ಲ.

ಈ ಪಟ್ಟಿಯ ಹುಚ್ಚು ಇವತ್ತಿನದಲ್ಲ. 1772ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಪಾದ್ರಿಯಾಗಿದ್ದ, ವಿಜ್ಞಾನದ ಪ್ರಯೋಗಗಳನ್ನೂ ಮಾಡುತ್ತಿದ್ದ ಜೋಸೆಫ್ ಪ್ರೀಸ್ಟ್ಲಿಗೆ ನಿಮ್ಮಂಥದೇ ಪೇಚು ಬಂದಿತ್ತು. ಒಬ್ಬ ಶ್ರೀಮಂತ ಲಾರ್ಡ್ ತಮ್ಮಲ್ಲಿಗೆ ಕೆಲಸಕ್ಕೆ ಕರೆದಿದ್ದರು, ಹೋಗಬೇಕಾದರೆ ಊರು ಬಿಡಬೇಕು. ಮನೆಯಲ್ಲಿ ಮೂವರು ಮಕ್ಕಳು, ಕೊನೆಯದು ಇನ್ನೂ ಎರಡು ತುಂಬದ ಮಗು. ಪ್ರೀಸ್ಟ್ಲಿ ಗೆಳೆಯ ಬೆಂಜಮಿನ್ ಫ್ರಾಂಕ್ಲಿನ್ ಅವರನ್ನು ಕೇಳಿದರು. ಫ್ರಾಂಕ್ಲಿನ್ ಬರೆದ ಉತ್ತರ ಈಗಲೂ ಪ್ರಸಿದ್ಧ. ಏನು ಮಾಡಬೇಕು ಅಂತ ನಾನು ಹೇಳಲಾರೆ, ಹೇಗೆ ಯೋಚಿಸಬೇಕು ಅಂತ ಬೇಕಾದರೆ ಹೇಳುತ್ತೇನೆ ಅಂದರು. ಹಾಳೆಯ ನಡುವೆ ಗೆರೆ ಎಳೆಯಿರಿ. ಒಂದು ಕಡೆ ಪರ, ಇನ್ನೊಂದು ಕಡೆ ವಿರೋಧ. ಮೂರ್ನಾಲ್ಕು ದಿನ ಹೊಳೆದಂತೆಲ್ಲ ಬರೆಯುತ್ತಾ ಹೋಗಿ.

ಇಷ್ಟನ್ನು ಎಲ್ಲರೂ ಮಾಡುತ್ತಾರೆ, ನೀವೂ ಮಾಡಿದ್ದೀರಿ. ಆದರೆ ಫ್ರಾಂಕ್ಲಿನ್ ಕೂಡಿಸಿ ಅನ್ನಲಿಲ್ಲ. ಹೊಡೆದು ಹಾಕಿ ಅಂದರು. ಈ ಕಡೆಯ ಒಂದು ಆ ಕಡೆಯ ಒಂದಕ್ಕೆ ಸಮ ಅನಿಸಿದರೆ ಎರಡನ್ನೂ ಹೊಡೆಯಿರಿ. ಇಲ್ಲಿಯ ಒಂದು ಅಲ್ಲಿಯ ಎರಡಕ್ಕೆ ಸಮವಾದರೆ ಮೂರನ್ನೂ ಹೊಡೆಯಿರಿ. ಕೊನೆಗೆ ಉಳಿಯುವುದು ಎರಡೋ ಮೂರೋ ಸಾಲು. ನಿಜವಾದ ಜಗಳ ಇರುವುದು ಅಲ್ಲಿ. ನೀವು 23 ಸಾಲನ್ನೂ ಕೂಡಿಸಿದ್ದೀರಿ. ಅಷ್ಟೊಂದು ಸಾಲು ಕೂಡಿಸಿದರೆ ಯಾವ ಎರಡು ಊರೂ ಹೆಚ್ಚುಕಡಿಮೆ ಒಂದೇ ಆಗುತ್ತವೆ.

ಸರಿ, ಹೊಡೆಯೋಣ.

ಮೊದಲು ‘ಹವಾಮಾನ’. ಡೇವಿಡ್ ಶ್ಕಾಡೆ ಮತ್ತು ಡೇನಿಯಲ್ ಕಾನೆಮನ್ ಅನ್ನುವ ಸಂಶೋಧಕರು 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಬಿಸಿಲಿನ ಕ್ಯಾಲಿಫೋರ್ನಿಯಾ ಮತ್ತು ಮಿಡ್‌ವೆಸ್ಟ್ ಅನ್ನುವ ಚಳಿಯ ಒಳನಾಡು, ಎರಡೂ ಕಡೆಯ ವಿದ್ಯಾರ್ಥಿಗಳನ್ನು ಕೇಳಿದರು. ಕ್ಯಾಲಿಫೋರ್ನಿಯಾದವರೇ ಹೆಚ್ಚು ಖುಷಿಯಾಗಿರುತ್ತಾರೆ ಅಂತ ಎರಡೂ ಕಡೆಯವರು ಊಹಿಸಿದರು. ಆದರೆ ತಮ್ಮ ತಮ್ಮ ಬದುಕಿಗೆ ಕೊಟ್ಟ ಅಂಕ ಎರಡೂ ಕಡೆ ಒಂದೇ ಇತ್ತು. ದೂರದಿಂದ ಎರಡು ಊರು ಹೋಲಿಸುವಾಗ ಎದ್ದು ಕಾಣುವುದನ್ನೇ ನಾವು ಹಿಡಿದುಕೊಳ್ಳುತ್ತೇವೆ. ಹವಾಮಾನ, ಕೆರೆ, ಬೆಟ್ಟ, ಮೆಟ್ರೋ. ಅಲ್ಲಿಗೆ ಹೋಗಿ ಮೂರು ತಿಂಗಳಾದ ಮೇಲೆ ಅವು ಗೋಡೆಯ ಕ್ಯಾಲೆಂಡರ್ ಇದ್ದಂತೆ. ಇರುತ್ತವೆ, ಯಾರೂ ನೋಡುವುದಿಲ್ಲ. ನಿಮ್ಮ ಶೀಟ್‌ನಲ್ಲಿ ಈ ಜಾತಿಯ ಸಾಲು ಎಂಟು ಇವೆ. ಎಂಟನ್ನೂ ಹೊಡೆಯಿರಿ.

ಗಾಳಿ ಮಾತ್ರ ಬೇರೆ. ಅದು ಹವಾಮಾನದ ಸಾಲಿಗೆ ಸೇರುವುದಿಲ್ಲ, ಚಿಕ್ಕ ಮಗುವಿನ ಶ್ವಾಸಕೋಶದ ವಿಷಯ. ಪಿಎಂ 2.5 ಅನ್ನುವ ಸಣ್ಣ ಧೂಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ವರ್ಷದ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ. ಬಹಳಷ್ಟು ನಗರಗಳು ಅದನ್ನು ಮೀರುತ್ತವೆ, ಆದ್ದರಿಂದ ಪಾಸಾ ಫೇಲಾ ಅಂತ ನೋಡಬೇಡಿ. ಎರಡು ಊರಿನ ಅಂಕಿಗಳನ್ನು ಅಕ್ಕಪಕ್ಕ ಇಡಿ. ಇವತ್ತಿನ ಅಂಕಿ ಬೇಡ, ಇಡೀ ವರ್ಷದ್ದು ಬೇಕು. ಊರಿನ ಸರಾಸರಿಗಿಂತ ನೀವು ಮನೆ ನೋಡುವ ಜಾಗಕ್ಕೆ ಹತ್ತಿರದ ಮಾಪನ ಕೇಂದ್ರದ್ದು ಇನ್ನೂ ಒಳ್ಳೆಯದು.

ಈಗ ನನ್ನ ಮುಖ್ಯ ತಕರಾರು. ನೀವು ಹೋಲಿಸುತ್ತಿರುವುದು ಎರಡು ನಗರಗಳನ್ನು. ಆದರೆ ಚಿಕ್ಕ ಮಕ್ಕಳಿರುವವರು ನಗರದಲ್ಲಿ ವಾಸ ಮಾಡುವುದಿಲ್ಲ. ಮನೆ, ಆಫೀಸು, ಶಾಲೆ, ಡೇಕೇರ್, ಡಾಕ್ಟರ್ ಈ ಐದು ಚುಕ್ಕೆಗಳ ನಡುವೆ ವಾಸ ಮಾಡುತ್ತಾರೆ. ಉಳಿದ ನಗರ ಬಂದವರಿಗೆ ತೋರಿಸುವುದಕ್ಕೆ ಇರುವುದು. ನಾಲ್ಕು ಕೋಟಿ ಜನರ ಊರಾಗಲಿ, ನಾಲ್ಕು ಲಕ್ಷದ್ದಾಗಲಿ, ನಿಮ್ಮ ಪಾಲಿಗೆ ಬರುವುದು ಮೂರು ಕಿಲೋಮೀಟರಿನ ಒಂದು ತುಂಡು. ಆ ತುಂಡು ಯಾವುದು ಅಂತ ಇನ್ನೂ ನಿಮಗೇ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಹತ್ತಕ್ಕೆ ಏಳು ಅಂತ ಅಂಕ ಹಾಕಿದ್ದೀರಿ.

ಹೀಗೆ ಮಾಡಿ. ಎರಡೂ ಊರಿನಲ್ಲಿ ನಿಮ್ಮ ಕೈಗೆಟುಕುವ ಬಾಡಿಗೆಯ ಒಂದೊಂದು ನಿಜವಾದ ಮನೆ ಹಿಡಿದುಕೊಳ್ಳಿ. ಜಾಹೀರಾತಿನಲ್ಲಿ ಇರುವುದು ಸಾಕು, ವಿಳಾಸ ಇರಬೇಕು ಅಷ್ಟೇ. ಆಮೇಲೆ ಒಂದು ಮಂಗಳವಾರವನ್ನು ಗಂಟೆ ಗಂಟೆಗೆ ಬರೆಯಿರಿ. ಮಂಗಳವಾರ ಯಾಕೆಂದರೆ ಅದಕ್ಕೆ ಯಾವ ವಿಶೇಷವೂ ಇಲ್ಲ. ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದೀರಿ ಅಂತಲೇ ಬರೆಯಿರಿ. ಆರೂವರೆಗೆ ಯಾರು ಏಳುತ್ತಾರೆ? ಚಿಕ್ಕವನನ್ನು ಎತ್ತಿಕೊಂಡು ದೊಡ್ಡವಳಿಗೆ ಶೂ ಹಾಕುವುದು ಯಾರು? ಡೇಕೇರ್ ಬಾಗಿಲು ಎಂಟೂವರೆಗೆ ತೆರೆದರೆ, ನೀವು ಒಂಬತ್ತಕ್ಕೆ ಆಫೀಸಿನಲ್ಲಿ ಇರಬೇಕಾದರೆ, ನಡುವಿನ ಆ ಅರ್ಧ ಗಂಟೆಯಲ್ಲಿ ಎಷ್ಟು ಸಿಗ್ನಲ್ ಇವೆ? ಸಂಜೆ ಶಾಲೆ ಮೂರೂವರೆಗೆ ಬಿಡುತ್ತದೆ, ಡೇಕೇರ್ ಆರಕ್ಕೆ ಮುಚ್ಚುತ್ತದೆ. ಐದೂಮುಕ್ಕಾಲಿಗೆ ಬಾಸ್ ‘ಎರಡೇ ನಿಮಿಷ’ ಅಂತ ಕರೆದರೆ ಯಾರು ಓಡುತ್ತಾರೆ?

ಈ ಕೊನೆಯ ಪ್ರಶ್ನೆಗೆ ಎರಡೂ ಊರಿನಲ್ಲಿ ಒಂದೊಂದು ಹೆಸರು ಬರೆಯಿರಿ. ‘ನೋಡೋಣ’ ಅಂತ ಬರೆಯುವ ಹಾಗಿಲ್ಲ. ಹೆಸರೇ ಬೇಕು.

ನನ್ನ ಕಥೆ ಹೇಳಿಬಿಡುತ್ತೇನೆ. ನಾವು ಎರಡನೇ ಸಲ ಊರು ಬದಲಾಯಿಸಿದಾಗ ಭಾನುವಾರ ಮಧ್ಯಾಹ್ನ ಮನೆ ನೋಡಿದೆವು. ಆಫೀಸಿಂದ ಇಪ್ಪತ್ತು ನಿಮಿಷ. ಖುಷಿಯಾಗಿ ಒಪ್ಪಿಕೊಂಡೆವು. ಸೋಮವಾರ ಬೆಳಿಗ್ಗೆ ಅದೇ ದಾರಿ ಒಂದು ಗಂಟೆ ಹತ್ತು ನಿಮಿಷ ಆಯಿತು. ಆ ವರ್ಷ ನನ್ನ ಗಂಡ ಮಗನನ್ನು ಎಚ್ಚರವಾಗಿ ನೋಡಿದ್ದು ಹೆಚ್ಚುಕಡಿಮೆ ವಾರದ ಕೊನೆಯಲ್ಲಿ ಮಾತ್ರ. ಮನೆಯಲ್ಲಿ ಒಂದು ಕೋಣೆ ಜಾಸ್ತಿ ಇತ್ತು, ಅದಕ್ಕೇ ಅಲ್ಲಿಗೆ ಹೋಗಿದ್ದು. ಆ ಕೋಣೆಯಲ್ಲಿ ಬಿಚ್ಚದ ಪೆಟ್ಟಿಗೆಗಳು ವಾಸ ಮಾಡಿದವು.

ಇಂಥ ಲೆಕ್ಕದಲ್ಲಿ ಜನ ಎಡವುವುದು ಹೊಸದಲ್ಲ. ಅಲೋಯಿಸ್ ಸ್ಟುಟ್ಸರ್ ಮತ್ತು ಬ್ರೂನೋ ಫ್ರೈ ಅನ್ನುವ ಸ್ವಿಸ್ ಅರ್ಥಶಾಸ್ತ್ರಜ್ಞರು ಜರ್ಮನಿಯ ಜನರ ಮಾಹಿತಿ ಇಟ್ಟುಕೊಂಡು 2008ರಲ್ಲಿ ಇದನ್ನೇ ತೋರಿಸಿದರು. ಜಾಸ್ತಿ ಸಂಬಳಕ್ಕೋ ದೊಡ್ಡ ಮನೆಗೋ ಜನ ದೂರದ ಓಡಾಟ ಒಪ್ಪಿಕೊಳ್ಳುತ್ತಾರೆ, ಆದರೆ ಆ ಲಾಭ ಓಡಾಟದ ಸಂಕಟವನ್ನು ತುಂಬಿಕೊಡುವುದಿಲ್ಲ. ಓಡಾಟ ಉದ್ದವಾದಷ್ಟೂ ಬದುಕಿನ ಬಗ್ಗೆ ಸಮಾಧಾನ ಕಡಿಮೆ. ಇಟಲಿಯ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಇನ್ನೊಂದು ಮಾತು ಹೇಳಿದ್ದರು. ನಡೆದು ಹೋಗುವ ಕಾಲದಿಂದ ಕಾರಿನ ಕಾಲದವರೆಗೆ ಮನುಷ್ಯ ದಿನಕ್ಕೆ ಸರಾಸರಿ ಒಂದು ಗಂಟೆ ಓಡಾಟಕ್ಕೆ ಕೊಡುತ್ತಾನೆ, ಹೋಗಿ ಬರುವುದೆಲ್ಲ ಸೇರಿ. ನಿಮ್ಮ ಮಂಗಳವಾರದಲ್ಲಿ ಇದು ಎರಡು ಗಂಟೆ ದಾಟಿದರೆ ಆ ಮನೆಯನ್ನು ಹೊಡೆದುಹಾಕಿ. ಬೇಕಾದರೆ ಅದೇ ನಗರದಲ್ಲಿ ಚಿಕ್ಕ ಮನೆ ನೋಡಿ.

ಸಂಬಳಕ್ಕೆ ಬರೋಣ. ಶೇಕಡಾ 30 ದೊಡ್ಡದು, ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಅದು ತೆರಿಗೆಗೆ ಮೊದಲಿನ ಅಂಕಿಯಾ, ಕೈಗೆ ಬರುವುದಾ? ಕೈಗೆ ಬರುವುದೇ ಅಂತ ಇಟ್ಟುಕೊಂಡರೂ ಒಂದು ಲೆಕ್ಕ ನೋಡಿ. ಚಿಕ್ಕ ಊರಿನ ಸಂಬಳ 100, ದೊಡ್ಡದರದ್ದು 130. ಬಾಡಿಗೆ ಅಲ್ಲಿ 20, ಇಲ್ಲಿ 38. ಇಬ್ಬರು ಮಕ್ಕಳನ್ನು ನೋಡಿಕೊಳ್ಳುವ ಖರ್ಚು ಅಲ್ಲಿ 8, ಇಲ್ಲಿ 20. ಓಡಾಟ ಅಲ್ಲಿ 4, ಇಲ್ಲಿ 9. ಕಳೆದರೆ ಅಲ್ಲಿ ಉಳಿಯುವುದು 68, ಇಲ್ಲಿ 63. ಇವು ನಾನು ಉದಾಹರಣೆಗೆ ಹಾಕಿದ ಅಂಕಿಗಳು, ನಿಮ್ಮವು ಬೇರೆ ಇರಬಹುದು, ಫಲಿತಾಂಶ ತಿರುಗಲೂಬಹುದು. ಆದರೆ ಶೀಟ್‌ನಲ್ಲಿ ‘ಸಂಬಳ’ ಅನ್ನುವ ಸಾಲು ತೆಗೆದು ‘ತಿಂಗಳ ಕೊನೆಗೆ ಉಳಿಯುವುದು’ ಅಂತ ಮಾಡಿ. ಬಾಡಿಗೆಯ ಸಾಲು, ಖರ್ಚಿನ ಸಾಲು ಎಲ್ಲ ಅದರಲ್ಲೇ ಕರಗಿ ಹೋಗುತ್ತವೆ. ನೀವು ಅವನ್ನು ಎರಡೆರಡು ಸಲ ಎಣಿಸಿದ್ದೀರಿ.

ಈಗ ಸ್ವಲ್ಪ ಕಟುವಾದ ಮಾತು. ನಿಮ್ಮ ಪತ್ರದಲ್ಲಿ ನಿಮ್ಮ ಎರಡು ಆಫರ್‌ಗಳ ಬಗ್ಗೆ ಉದ್ದಕ್ಕೆ ಬರೆದಿದ್ದೀರಿ. ಪತ್ನಿಯ ಕೆಲಸದ ಬಗ್ಗೆ ಒಂದೇ ವಾಕ್ಯ. ಅವರು ಏನು ಕೆಲಸ ಮಾಡುತ್ತಿದ್ದರು ಅಂತಲೂ ಇಲ್ಲ. 23 ಸಾಲುಗಳಲ್ಲಿ ಅವರ ಕೆಲಸ ಎಲ್ಲೂ ಕಾಣಲಿಲ್ಲ. ನನ್ನ ಮಟ್ಟಿಗೆ ಇಡೀ ತೀರ್ಮಾನ ಆ ಒಂದು ವಾಕ್ಯದ ಮೇಲೆ ನಿಂತಿದೆ.

ಯಾಕೆ ಅಂತ ಹೇಳುತ್ತೇನೆ. ನಿಮಗೆ ಎರಡೂ ಕಡೆ ಕೆಲಸ ಇದೆ. ಮೊದಲ ದಿನದಿಂದಲೇ ಕುರ್ಚಿ, ಸಹೋದ್ಯೋಗಿಗಳು, ಮಾತಾಡಲು ಜನ. ಊರು ಬದಲಾದರೂ ನಿಮ್ಮ ದಿನಕ್ಕೆ ಒಂದು ಆಕಾರ ಇರುತ್ತದೆ. ಅವರಿಗೆ ಸಿಗುವುದು ಪೆಟ್ಟಿಗೆಗಳು, ಇಬ್ಬರು ಮಕ್ಕಳು ಮತ್ತು ಗುರುತಿಲ್ಲದ ಬೀದಿ. ಊರು ಬದಲಾಯಿಸಿದ ಕುಟುಂಬಗಳ ಜೊತೆ ಮಾತಾಡುವಾಗ ನಾನು ಮೊದಲು ಕೇಳುವುದು ಕೆಲಸ ಸಿಕ್ಕವರನ್ನಲ್ಲ, ಜೊತೆಗೆ ಬಂದವರನ್ನು. ಅವರು ನೆಲೆ ಕಂಡರೆ ಮನೆ ನೆಲೆ ಕಾಣುತ್ತದೆ. ಆದ್ದರಿಂದ ಅವರ ಕ್ಷೇತ್ರದಲ್ಲಿ ಎರಡೂ ಊರಿನಲ್ಲಿ ಕಳೆದ ಮೂರು ತಿಂಗಳಲ್ಲಿ ಎಷ್ಟು ಹುದ್ದೆಗಳಿಗೆ ಕರೆ ಬಂದಿದೆ ಅಂತ ಅವರೇ ಹುಡುಕಲಿ. ಟೀಚರ್, ನರ್ಸ್, ಅಕೌಂಟೆಂಟ್ ಕೆಲಸ ಬಹುತೇಕ ಎಲ್ಲ ಊರಿನಲ್ಲೂ ಇರುತ್ತದೆ. ಕೆಲವು ಕ್ಷೇತ್ರಗಳು ಬೆರಳೆಣಿಕೆಯ ನಗರಗಳಲ್ಲಿ ಮಾತ್ರ. ಅಂಥ ಕ್ಷೇತ್ರದವರನ್ನು ಚಿಕ್ಕ ಊರಿಗೆ ಕರೆದುಕೊಂಡು ಹೋದರೆ ‘ಮುಂದಿನ ವರ್ಷ’ ಅನ್ನುವುದು ಪ್ರತಿ ವರ್ಷವೂ ಮುಂದಿನ ವರ್ಷವೇ ಆಗಿರುತ್ತದೆ.

ಇನ್ನು ಅಕ್ಕ. ‘ಅಕ್ಕ ಅಲ್ಲೇ ಇದ್ದಾರೆ’ ಅಂತ ಬರೆದಿದ್ದೀರಿ. ಇರುವುದು ಬೇರೆ, ಮಕ್ಕಳನ್ನು ನೋಡಿಕೊಳ್ಳುವುದು ಬೇರೆ ಅಲ್ವಾ? ಅವರಿಗೆ ಕೆಲಸ ಇದೆಯೇ, ಅವರ ಮಕ್ಕಳ ಪರೀಕ್ಷೆಯೋ ಮನೆಯ ಹಿರಿಯರ ಆರೈಕೆಯೋ ಇದೆಯೇ, ನಿಮ್ಮ ಆಫೀಸಿಗೂ ಅವರ ಮನೆಗೂ ಎಷ್ಟು ದೂರ, ಇದು ಯಾವುದೂ ಪತ್ರದಲ್ಲಿಲ್ಲ. ಸಂಬಂಧಿಕರ ನೆರವನ್ನು ಲೆಕ್ಕಕ್ಕೆ ಹಿಡಿಯುವ ಮೊದಲು ಅವರನ್ನು ಕೇಳಬೇಕು. ಕೇಳುವಾಗಲೂ ‘ಸ್ವಲ್ಪ ನೋಡ್ಕೋತೀಯಾ?’ ಅಂತ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ‘ವಾರದಲ್ಲಿ ಎಷ್ಟು ದಿನ, ಎಷ್ಟರಿಂದ ಎಷ್ಟರವರೆಗೆ, ನಿನಗೆ ಕಷ್ಟವಾದರೆ ಹೇಗೆ ಹೇಳ್ತೀಯಾ’ ಅಂತ ಕೇಳಬೇಕು. ಬಿಡಿಸಿ ಕೇಳಿದ್ದಕ್ಕೆ ಮುಂದೆ ಮನಸ್ತಾಪ ಬಂದದ್ದನ್ನು ನಾನು ನೋಡಿಲ್ಲ. ಕೇಳದೆ ಹೋಗಿ ಇಬ್ಬರು ಅಕ್ಕತಂಗಿಯರು ಮಾತು ಬಿಟ್ಟದ್ದನ್ನು ನೋಡಿದ್ದೇನೆ.

ಅಕ್ಕ ವಾರಕ್ಕೆ ಎರಡೇ ದಿನ ಸಿಗುತ್ತೇನೆ ಅಂದರೂ ಅದು ಚಿಕ್ಕ ವಿಷಯವಲ್ಲ. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರ ಅಧ್ಯಯನದಲ್ಲಿ ಹೊಸದಾಗಿ ಊರು ಬದಲಾಯಿಸಿದ ದೊಡ್ಡವರನ್ನೇ ಕೇಳಿದ್ದರು, ಗೆಳೆತನಕ್ಕೆ ಎಷ್ಟು ಹೊತ್ತು ಬೇಕು ಅಂತ. ಸುಮಾರು 50 ಗಂಟೆ ಜೊತೆಗೆ ಕಳೆದರೆ ಪರಿಚಯ ಸಲೀಸಾದ ಗೆಳೆತನವಾಗುತ್ತದೆ. ಆಪ್ತ ಗೆಳೆತನಕ್ಕೆ 200 ಗಂಟೆಗೂ ಮೇಲೆ. ಹತ್ತು ತಿಂಗಳ ಮಗು ಇರುವ ಮನೆಯಲ್ಲಿ 200 ಗಂಟೆ ಎಲ್ಲಿಂದ ತರುತ್ತೀರಿ? ಮಗುವನ್ನು ನಂಬಿ ಕೈಗೆ ಕೊಡುವಷ್ಟು ಸಲುಗೆ ಅಪರಿಚಿತರಲ್ಲಿ ಬೆಳೆಯಲು ಒಂದೆರಡು ವರ್ಷವೇ ಬೇಕು. ಅಕ್ಕನ ಜೊತೆ ಆ ಗಂಟೆಗಳನ್ನು ನಿಮ್ಮ ಪತ್ನಿ ಬಾಲ್ಯದಲ್ಲೇ ಕಳೆದಾಗಿದೆ.

ಶಾಲೆಗಳ ಬಗ್ಗೆ ನಿಮ್ಮ ಶೀಟ್‌ನಲ್ಲಿ ನಾಲ್ಕು ಸಾಲು ಇವೆ. ನಾನಾದರೆ ಒಂದು ಇಡುತ್ತಿದ್ದೆ. ನಾಲ್ಕೂವರೆ ವರ್ಷದವಳಿಗೆ ಬೇಕಾದದ್ದು ಮನೆಗೆ ಹತ್ತಿರದ, ಅವಳ ಹೆಸರು ಹಿಡಿದು ಕರೆಯುವ ಟೀಚರ್ ಇರುವ ಶಾಲೆ. ಹೆಸರಾದ ಶಾಲೆ ಊರಿನಲ್ಲಿ ಇದ್ದರೆ ಸಾಲದು, ಅದರಲ್ಲಿ ಸೀಟು ಸಿಗಬೇಕು, ವ್ಯಾನಿನಲ್ಲಿ ಅವಳು ಒಂದು ಗಂಟೆ ಕೂರಬಾರದು. ಒಂದು ವಿಷಯ ಮಾತ್ರ ಈ ವಾರವೇ ವಿಚಾರಿಸಿ: ಸೇರಿಸಲು ಕನಿಷ್ಠ ವಯಸ್ಸು ಎಷ್ಟು, ಅದನ್ನು ಯಾವ ತಾರೀಖಿಗೆ ಲೆಕ್ಕ ಹಾಕುತ್ತಾರೆ? ಊರಿಂದ ಊರಿಗೆ ಇದು ಬೇರೆ ಇರಬಹುದು. ಕೆಲವೇ ವಾರಗಳ ವ್ಯತ್ಯಾಸಕ್ಕೆ ನಿಮ್ಮ ಮಗಳು ಒಂದು ವರ್ಷ ಹಿಂದೆ ಉಳಿಯಬಹುದು. ಚಿಕ್ಕವನ ಲಸಿಕೆ ಪುಸ್ತಕ ಲಾರಿಗೆ ಹಾಕಬೇಡಿ, ಕೈಚೀಲದಲ್ಲಿ ಇರಲಿ.

ಮಕ್ಕಳ ಭವಿಷ್ಯಕ್ಕೆ ದೊಡ್ಡ ನಗರವೇ ಬೇಕು ಅನ್ನುವ ಭಯವೂ ನಿಮಗೆ ಇದ್ದಂತಿದೆ. ಇದಕ್ಕೆ ಹತ್ತಿರದ ಒಂದು ದೊಡ್ಡ ಪ್ರಯೋಗ ಅಮೆರಿಕದಲ್ಲಿ ನಡೆದಿತ್ತು. 1994ರಿಂದ 1998ರ ನಡುವೆ ಐದು ನಗರಗಳ ಬಡ ವಸತಿಗಳಲ್ಲಿದ್ದ ಸುಮಾರು 4,600 ಕುಟುಂಬಗಳನ್ನು ಲಾಟರಿ ಎತ್ತಿ ಗುಂಪು ಮಾಡಿದರು. ಒಂದು ಗುಂಪಿಗೆ ಬಡತನ ಕಡಿಮೆ ಇರುವ ಬಡಾವಣೆಗೆ ಹೋಗಲು ಬಾಡಿಗೆ ನೆರವು ಕೊಟ್ಟರು. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು ಆ ಮಕ್ಕಳು ದೊಡ್ಡವರಾದ ಮೇಲೆ ಲೆಕ್ಕ ತೆಗೆದು 2016ರಲ್ಲಿ ಪ್ರಕಟಿಸಿದರು. ಹದಿಮೂರು ತುಂಬುವ ಮೊದಲೇ ಹೋದ ಮಕ್ಕಳು ಇಪ್ಪತ್ತರ ಮಧ್ಯದಲ್ಲಿ, ಹೋಗದವರಿಗಿಂತ ಶೇಕಡಾ 31ರಷ್ಟು ಹೆಚ್ಚು ಗಳಿಸುತ್ತಿದ್ದರು. ಹದಿಮೂರು ದಾಟಿ ಹೋದವರಿಗೆ ಲಾಭ ಕಾಣಲಿಲ್ಲ, ಸ್ವಲ್ಪ ನಷ್ಟವೇ ಆಯಿತು. ನಿಮ್ಮ ಪರಿಸ್ಥಿತಿ ಅವರದಲ್ಲ, ಆ 31 ಅನ್ನು ಶೀಟ್‌ಗೆ ಹಾಕಬೇಡಿ. ಆದರೆ ಎರಡು ವಿಷಯ ನೋಡಿ. ಅವರು ಬದಲಾಯಿಸಿದ್ದು ಮುಖ್ಯವಾಗಿ ಬಡಾವಣೆಯನ್ನು. ಮತ್ತೆ, ವಯಸ್ಸು ಚಿಕ್ಕದಿದ್ದಷ್ಟೂ ಒಳ್ಳೆಯದಾಯಿತು. ನಿಮ್ಮ ದೊಡ್ಡವಳಿಗೆ ಹದಿಮೂರಾಗಲು ಇನ್ನೂ ಎಂಟು ವರ್ಷಕ್ಕೂ ಹೆಚ್ಚು ಇದೆ. ಇದು ಜೀವನಪೂರ್ತಿಯ ತೀರ್ಮಾನ ಅಲ್ಲ.

ಪ್ರೀಸ್ಟ್ಲಿಯವರ ವಿಷಯವನ್ನೇ ತೆಗೆದುಕೊಳ್ಳಿ. ಅವರು ಆ ಕೆಲಸ ಒಪ್ಪಿಕೊಂಡು 1773ರಲ್ಲಿ ಕುಟುಂಬ ಸಮೇತ ಕಾನ್ ಅನ್ನುವ ಚಿಕ್ಕ ಊರಿಗೆ ಹೋದರು. ಮರುವರ್ಷ ಆಗಸ್ಟ್‌ನಲ್ಲಿ, ಆ ಲಾರ್ಡ್ ಅವರ ಬಂಗಲೆಯಲ್ಲಿ, ಈಗ ನಾವು ಆಮ್ಲಜನಕ ಅನ್ನುವ ಅನಿಲವನ್ನು ಹಿಡಿದರು. ಏಳು ವರ್ಷ ಇದ್ದು ದೊಡ್ಡ ನಗರ ಬರ್ಮಿಂಗ್‌ಹ್ಯಾಮ್‌ಗೆ ಹೋದರು. ಅಲ್ಲಿ 1791ರಲ್ಲಿ ದೊಂಬಿಯವರು ಅವರ ಮನೆ ಸುಟ್ಟರು. ಯಾವ ಹಾಳೆಯಲ್ಲಿ ಗೆರೆ ಎಳೆದರೂ ಇವೆರಡು ಕಾಣುತ್ತಿರಲಿಲ್ಲ ಬಿಡಿ.

ಆದ್ದರಿಂದ ನನ್ನ ಒಲವು ಹೇಳುತ್ತೇನೆ. ನಾನು ಫ್ರಾಂಕ್ಲಿನ್ ಅಷ್ಟು ಸಂಯಮದವಳಲ್ಲ. ಎರಡೂ ಊರು ಕೊಡುವುದರಲ್ಲಿ ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ ಅಂತ ನೋಡಿ. ಅಕ್ಕನ ನೆರವು ನಿಮಗೆ ಅತಿ ಹೆಚ್ಚು ಬೇಕಾಗಿರುವುದು ಇನ್ನು ಮೂರು ವರ್ಷ. ಆಮೇಲೆ ಚಿಕ್ಕವನೂ ಶಾಲೆಗೆ ಹೋಗುತ್ತಾನೆ. ದೊಡ್ಡ ನಗರದ ಈ ಆಫರ್ ಕೈ ತಪ್ಪಬಹುದು, ಆದರೆ ದೊಡ್ಡ ನಗರ ಎಲ್ಲೂ ಹೋಗುವುದಿಲ್ಲ. ನಿಮ್ಮ ಪತ್ನಿಗೆ ಚಿಕ್ಕ ಊರಿನಲ್ಲೂ ಅವರ ಕೆಲಸ ಸಿಗುವುದಾದರೆ, ಅಕ್ಕ ಮನಸ್ಸಿನಿಂದ ಹೂಂ ಅಂದರೆ, ಅಲ್ಲಿಗೆ ಹೋಗಿ. ಅವರ ಕೆಲಸ ದೊಡ್ಡ ನಗರದಲ್ಲಿ ಮಾತ್ರ ಇದೆ ಅನ್ನುವುದಾದರೆ ಹಿಂದೆಮುಂದೆ ನೋಡದೆ ದೊಡ್ಡ ನಗರಕ್ಕೆ ಹೋಗಿ. ಆದರೆ ಮನೆ ಚಿಕ್ಕದಾದರೂ ಆಫೀಸಿಗೋ ಡೇಕೇರ್‌ಗೋ ನಡೆದು ಹೋಗುವಷ್ಟು ಹತ್ತಿರ ಇರಲಿ. ಎಲ್ಲಿಗೆ ಹೋದರೂ ಮೊದಲ ವರ್ಷ ಬಾಡಿಗೆಗೇ ಇರಿ. ಕೊಳ್ಳುವ ಮಾತು ಬೇಡ.

ಆಗುವುದಾದರೆ ಒಲವಿರುವ ಊರಿನಲ್ಲಿ ನಾಲ್ಕು ದಿನ ಮಕ್ಕಳ ಸಮೇತ ಇದ್ದು ಬನ್ನಿ. ಊರು ನೋಡಲು ಹೋಗಬೇಡಿ. ಆ ವಿಳಾಸದ ಸುತ್ತ ಅರ್ಧ ಕಿಲೋಮೀಟರು ಮಗುವಿನ ಗಾಡಿ ತಳ್ಳಿಕೊಂಡು ನಡೆಯಿರಿ. ಗಾಡಿಯನ್ನು ಎಷ್ಟು ಸಲ ಎತ್ತಬೇಕಾಯಿತು ಅಂತ ಎಣಿಸಿ. ಸಂಜೆ ಆರಕ್ಕೆ ಮಕ್ಕಳ ಕ್ಲಿನಿಕ್ ಮುಂದೆ ಎಷ್ಟು ಜನ ಕಾಯುತ್ತಿದ್ದಾರೆ ನೋಡಿ.

ಮಗಳಿಗೆ ಈಗಲೇ ಹೇಳಿ, ತೀರ್ಮಾನ ಆದ ದಿನವೇ. ನನ್ನ ಮಗ ಆ ವಯಸ್ಸಿನಲ್ಲಿ ಕೇಳಿದ್ದ, ‘ನಮ್ಮ ಬಾಗಿಲೂ ಬರುತ್ತಾ?’ ಅಂತ. ಏನು ಬರುತ್ತದೆ, ಏನು ಬರುವುದಿಲ್ಲ ಅಂತ ಅವನ ಜೊತೆ ಮನೆಯೆಲ್ಲ ಸುತ್ತಿ ಬೆರಳಿಟ್ಟು ತೋರಿಸಿದೆ. ಅವಳ ಹೊದಿಕೆಯನ್ನು ಒಗೆಯದೆ ಹಾಗೇ ತನ್ನಿ, ಹಳೆಯ ವಾಸನೆ ಇರಲಿ. ಹೊಸ ಮನೆಯಲ್ಲಿ ಮೊದಲು ಹಾಸುವುದು ಅವಳ ಹಾಸಿಗೆ. ಚಿಕ್ಕವನು ಒಂದೆರಡು ವಾರ ರಾತ್ರಿ ನಿದ್ದೆ ಕೆಡಿಸುತ್ತಾನೆ, ಅದಕ್ಕೆ ಊರನ್ನು ಬೈಯಬೇಡಿ.

ಈ ಭಾನುವಾರದೊಳಗೆ ಎರಡು ಕೆಲಸ ಆಗಲಿ. ಪತ್ನಿಯ ಕ್ಷೇತ್ರದ ಹುದ್ದೆಗಳ ಪಟ್ಟಿ, ಅಕ್ಕನ ಜೊತೆ ಫೋನ್. ಫೋನ್ ಪತ್ನಿಯೇ ಮಾಡಲಿ. ಆ ಹೊತ್ತಿಗೆ ನೀವು ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗಿ. ಸ್ಪೀಕರ್ ಹಾಕು ಅನ್ನಬೇಡಿ.